ಬ್ರೆಝಾನಾ, ನೆಕ್ಸಾನಾ? ಹಂಪ್ ದಾಟಿಸಿ ನೋಡಿದೆ

ಟಾಟಾ ನೆಕ್ಸಾನ್ ಕಾರಿನ ಟರ್ಬೋ ಪೆಟ್ರೋಲ್ ಎಂಜಿನ್‌ನಲ್ಲಿ (ಟರ್ಬೋ ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) 120 ಪಿಎಸ್ ಪವರ್, 170 ಎನ್‌ಎಂ ಟಾರ್ಕ್, ಅಂದರೆ ಎಂಜಿನ್‌ನ ತಿರುಗಿಸುವ ಬಲ. ಮಾರುತಿ ಬ್ರೆಝಾದಲ್ಲಿ ಸುಮಾರು 103 ಪಿಎಸ್, 137 ಎನ್‌ಎಂ. ಇಷ್ಟು ನೋಡಿದರೆ ಯೋಚನೆಯೇ ಬೇಡ ಅಲ್ವಾ? ನಾನೂ ಒಂದು ತಿಂಗಳು ಹಾಗೇ ಅಂದುಕೊಂಡಿದ್ದೆ.

ಆದರೆ ನನ್ನ ಓಡಾಟ ಉತ್ತರಹಳ್ಳಿಯಿಂದ ಸಿಲ್ಕ್ ಬೋರ್ಡ್ ದಾಟಿ ಬೆಳ್ಳಂದೂರಿಗೆ, ವಾರಕ್ಕೆ ಐದು ದಿನ. ಅದಕ್ಕೇ ಎರಡರದ್ದೂ ಮ್ಯಾನುವಲ್ ಗಾಡಿಯನ್ನು ಒಂದೇ ಶನಿವಾರ ಟೆಸ್ಟ್ ಡ್ರೈವ್‌ಗೆ ಕೇಳಿದೆ. ಒಂದು ಶೋರೂಮ್‌ನವರು ಖಾಲಿ ಗಾಡಿಯಲ್ಲಿ ಒಂದು ಸುತ್ತು ಸಾಕು ಅಂದರು, ನಾನು ಬಿಡಲಿಲ್ಲ. ಅಪ್ಪ, ಅಮ್ಮ, ಹೆಂಡತಿ, ಜೊತೆಗೆ ಸೇಲ್ಸ್ ಹುಡುಗ, ಎಲ್ಲರನ್ನೂ ಕೂರಿಸಿಕೊಂಡು, ಎಸಿ ಹಾಕಿಕೊಂಡೇ, ಎರಡನ್ನೂ ಒಂದೇ ದಾರಿಯಲ್ಲಿ ಓಡಿಸಿದೆ.

ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಅನ್ನೋದು ನನಗೆ ಬೇಡವಾಗಿತ್ತು. ಹಂಪ್ ಹತ್ತಿಳಿದು, ಎರಡನೇ ಗೇರಲ್ಲೇ ಇದ್ದು, ಆಕ್ಸಿಲರೇಟರ್ ಒತ್ತಿದರೆ ಪಿಕಪ್ ಹೇಗೆ ಬರುತ್ತೆ ಅಂತ ನೋಡಬೇಕಿತ್ತು. ನೆಕ್ಸಾನ್‌ನ ಪೂರ್ತಿ ಟಾರ್ಕ್ ಸಿಗೋದು 1750 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮೇಲೆ. ಅದಕ್ಕಿಂತ ಕೆಳಗಿದ್ದರೆ ಯಾವ ಸಣ್ಣ ಟರ್ಬೋ ಎಂಜಿನ್ ಆದರೂ ಒಂದು ಕ್ಷಣ ಕಾಯಿಸುತ್ತೆ, ಇಲ್ಲಾ ಮೊದಲನೇ ಗೇರಿಗೆ ಇಳಿಸಬೇಕು. ಬ್ರೆಝಾದ 1.5 ಲೀಟರ್ ಎಂಜಿನ್‌ಗೆ ಟರ್ಬೋ ಇಲ್ಲ, ನಾಲ್ಕು ಸಿಲಿಂಡರ್. ಒತ್ತಿದಷ್ಟು ಎಳೆಯಿತು. ಅಂಥ ಜೋರೇನಲ್ಲ, ಆದರೆ ತಡವೂ ಇಲ್ಲ.

ಕನಕಪುರ ರಸ್ತೆಯಲ್ಲಿ ಜಾಗ ಸಿಕ್ಕಾಗ ಕಥೆಯೇ ಬೇರೆ. ಮೂರನೇ ಗೇರಲ್ಲಿ 40ರಿಂದ 80ಕ್ಕೆ ನೆಕ್ಸಾನ್ ಸುಮ್ನೆ ಹೋಗಿಬಿಟ್ಟಿತು, ಐದು ಜನ ಕೂತಿದ್ದೇ ಗೊತ್ತಾಗಲಿಲ್ಲ. ಇಲ್ಲಿ ಇನ್ನೊಂದು ವಿಷಯವೂ ಇದೆ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಹಾಗಾಗಿ ಟರ್ಬೋ ಇಲ್ಲದ ಎಂಜಿನ್ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತೆ, ಟರ್ಬೋ ಇದ್ದರೆ ಅದನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತೆ. ಹೈವೇ ಓಡಾಟ ಜಾಸ್ತಿ ಇರುವವರಿಗೆ ನಾನು ನೆಕ್ಸಾನನ್ನೇ ಹೇಳುತ್ತೇನೆ.

ಕೊನೆಗೆ ಎರಡನ್ನೂ ನಮ್ಮ ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್ ರ‍್ಯಾಂಪ್‌ಗೆ ತಂದೆ. ಈ ಸಲ ಹೆಂಡತಿ ಓಡಿಸಿದಳು, ದಿನಾ ಅದನ್ನು ಹತ್ತಿಸಬೇಕಾದವಳು ಅವಳೇ. ಅರ್ಧಕ್ಕೆ ನಿಲ್ಲಿಸಿ ಮತ್ತೆ ಎತ್ತಿದಳು. ಬ್ರೆಝಾ ಹಾಫ್ ಕ್ಲಚ್‌ನಲ್ಲೇ ಮೆತ್ತಗೆ ಹತ್ತಿತು. ಇನ್ನೊಂದಕ್ಕೆ ರೇಸ್ ಸ್ವಲ್ಪ ಜಾಸ್ತಿ ಕೊಡಬೇಕಾಯಿತು.

ಬುಕ್ ಮಾಡಿದ್ದು ಬ್ರೆಝಾ. ಊರಿಗೆ ಹೋಗುವಾಗ ಲಾರಿ ಓವರ್‌ಟೇಕ್ ಮಾಡಬೇಕಾದರೆ ಮೊದಲೇ ಮೂರನೇ ಗೇರಿಗೆ ಇಳಿಸಿಕೊಳ್ಳುತ್ತೇನೆ.