ಇನ್ವಿನ್ಸಿಬಲ್ ಬಿಡಿ ಸಂಚಿಕೆಗಳಿಗೆ ಮನೆಯಲ್ಲೇ ಗಟ್ಟಿ ಬೈಂಡಿಂಗ್: ನನ್ನ ಅನುಭವ

ಒಂಬತ್ತೂ ಸಂಪುಟ ಮುಗಿದವು. 'ಇನ್ವಿನ್ಸಿಬಲ್' ಕಾಮಿಕ್ಸ್ ಪೂರ್ತಿ, 1ರಿಂದ 144ನೇ ಸಂಚಿಕೆಯವರೆಗೆ, ಗಟ್ಟಿ ರಟ್ಟಿನಲ್ಲಿ, ನನ್ನ ಕೈಯಾರೆ ಹಾಕಿದ ಬೈಂಡಿಂಗ್. "ಹೊಳಪಿನ ಆರ್ಟ್ ಪೇಪರ್‌ಗೆ ಹೊಲಿಗೆ ನಿಲ್ಲಲ್ಲ ಮಾರಾಯ, ಸುಮ್ನೆ ಸಂಚಿಕೆಗಳನ್ನ ಒಟ್ಟಿಗೆ ಹಾಕಿರೋ ದಪ್ಪ ಕಾಂಪೆಂಡಿಯಂ ತಗೊಂಡು ಓದ್ಕೋ" ಎಂದವರೇ ಈಗ ಮನೆಗೆ ಬಂದು, ಪುಸ್ತಕ ತಿರುವಿ ನೋಡಿ, ದಾರ ಎಲ್ಲಿ ತಗೊಂಡೆ ಅಂತ ಕೇಳುತ್ತಿದ್ದಾರೆ. ಅದೊಂದನ್ನು ಹೇಳುವುದಿಲ್ಲ. ಉಳಿದದ್ದು ಇಲ್ಲಿದೆ.

ಈ ಸರಣಿ ಓದಿದವರಿಗೇ ಬರೆಯುತ್ತಿದ್ದೇನೆ. ಕಥಾನಾಯಕ ಮಾರ್ಕ್ ಗ್ರೇಸನ್ ಯಾರು, ಅವರಪ್ಪ ಓಮ್ನಿ-ಮ್ಯಾನ್ ಏನು ಮಾಡಿದ ಎಂಬುದೆಲ್ಲ ಬೇಡ. ಕಥೆ ಬರೆಯುವ ರಾಬರ್ಟ್ ಕರ್ಕ್‌ಮನ್ ಮತ್ತು ಚಿತ್ರಕಾರ ಕೋರಿ ವಾಕರ್ 2003ರಲ್ಲಿ ಅಮೆರಿಕದ ಇಮೇಜ್ ಕಾಮಿಕ್ಸ್‌ನಲ್ಲಿ ಶುರು ಮಾಡಿದರು, 8ನೇ ಸಂಚಿಕೆಯಿಂದ ರಯಾನ್ ಓಟ್ಲಿ ಚಿತ್ರ ಬರೆಯತೊಡಗಿದರು, 2018ರಲ್ಲಿ ಮುಗಿಯಿತು. ಸಂಗ್ರಹಗಳಿಗೇನೂ ಬರವಿಲ್ಲ. 25 ಪೇಪರ್‌ಬ್ಯಾಕ್, ದೊಡ್ಡ ಅಳತೆಯ 12 ಅಲ್ಟಿಮೇಟ್ ಕಲೆಕ್ಷನ್, ಮೂರು ಕಾಂಪೆಂಡಿಯಂ. ಹಾಗಾದರೆ ನಿನಗೇನು ಕೆಲಸವಿಲ್ಲವಾ ಅಂತ ಕೇಳಬಹುದು. ಅಲ್ಟಿಮೇಟ್ ಕಲೆಕ್ಷನ್ ಚೆನ್ನಾಗಿದೆ, ಆದರೆ ನಾನು ವಿಚಾರಿಸಿದಾಗ ಇಲ್ಲಿಗೆ ಬರುವಷ್ಟರಲ್ಲಿ ಒಂದಕ್ಕೆ ಮೂರು ಸಾವಿರ ದಾಟುತ್ತಿತ್ತು. ಅದನ್ನು ಹನ್ನೆರಡರಿಂದ ಗುಣಿಸಿ ನೋಡಿ. ಕಾಂಪೆಂಡಿಯಂ ಅಗ್ಗ, ಆದರೆ ಸಾವಿರ ಪುಟದ ಪೇಪರ್‌ಬ್ಯಾಕನ್ನು ಮಲಗಿ ಓದಲಾಗುವುದಿಲ್ಲ, ಕೂತು ಓದಿದರೆ ಮಣಿಕಟ್ಟು ನೋಯುತ್ತದೆ. ಓಟ್ಲಿ ಎರಡು ಪುಟಕ್ಕೆ ಹರಡಿ ಬರೆದ ಹೊಡೆದಾಟಗಳ ನಡುಭಾಗವೆಲ್ಲ ಬೆನ್ನಿನೊಳಗೆ ಮುಳುಗಿಹೋಗಿರುತ್ತದೆ. ಬಿಡಿ ಸಂಚಿಕೆಯಲ್ಲಿ ಕರ್ಕ್‌ಮನ್ ಓದುಗರ ಪತ್ರಗಳಿಗೆ ಕೊಡುತ್ತಿದ್ದ ತಲೆಹರಟೆ ಉತ್ತರಗಳೂ ಇರುತ್ತವೆ. ನನಗೆ ಅವು ಬೇಕಿತ್ತು.

ದುಡ್ಡಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. 2021ರಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಇದರ ಕಾರ್ಟೂನ್ ಬಂದಮೇಲೆ ಶುರುವಿನ ಸಂಚಿಕೆಗಳ ಬೆಲೆ ಕೇಳುವ ಹಾಗೇ ಇಲ್ಲ. 1ನೇ ಸಂಚಿಕೆಗೆ ಕೇಳುವ ದುಡ್ಡಿನಲ್ಲಿ ಒಂದು ಸ್ಕೂಟರ್ ಬರುತ್ತದೆ. ಹಾಗಾಗಿ ಮೊದಲ 47ಕ್ಕೆ ನನ್ನ ಬಳಿಯಿದ್ದ, ಆಗಲೇ ಬೆನ್ನು ಬಿರುಕು ಬಿಟ್ಟಿದ್ದ ಮೊದಲ ಕಾಂಪೆಂಡಿಯಂ. 48ರಿಂದ ಮುಂದಕ್ಕೆ ಬಿಡಿ ಸಂಚಿಕೆ. ಇವನ್ನು ಒಟ್ಟೊಟ್ಟಿಗೆ ಕಟ್ಟಾಗಿ ಮಾರುವವರ ಹತ್ತಿರ ಹುಡುಕಿ, ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗನ ವಿಳಾಸಕ್ಕೆ ಹಾಕಿಸಿದೆ. ಒಂದಕ್ಕೆ ಎರಡೂವರೆ ಮೂರು ಡಾಲರ್ ಬಿದ್ದಿರಬಹುದು. ಅವನು ರಜಕ್ಕೆ ಬರುವಾಗ ಸೂಟ್‌ಕೇಸಿನಲ್ಲಿ ತಂದ. ಎಂಟು ಕೆಜಿ ಹತ್ತಿರ ಇತ್ತು. ವಾಪಸ್ ಹೋಗುವಾಗ ಅದೇ ಜಾಗದಲ್ಲಿ ಕೋಡುಬಳೆ, ಚಟ್ನಿಪುಡಿ ತುಂಬಿಕೊಂಡು ಹೋದ, ಲೆಕ್ಕ ಚುಕ್ತಾ.

ಮೊದಲು ಒಂದು ಸಂಪುಟವನ್ನು ಹೊರಗೆ ಕೊಟ್ಟು ನೋಡಿದ್ದೆ. ಪಿಎಚ್‌ಡಿ ಥೀಸಿಸ್‌ಗೆ ಕಪ್ಪು ರೆಕ್ಸಿನ್ ಹಾಕಿ ಚಿನ್ನದ ಅಕ್ಷರ ಹೊಡೆದುಕೊಡುತ್ತಾರಲ್ಲ, ಅಂಥ ಅಂಗಡಿ. ಅವರು ಮಾಡುವುದು ಸೈಡ್ ಹೊಲಿಗೆ. ಬೆನ್ನಿನಿಂದ ಅರ್ಧ ಇಂಚು ಒಳಗೆ ತೂತು ಹೊಡೆದು, ಮೇಲಿಂದ ಕೆಳಗೆ ದಾರ ಎಳೆದು ಬಿಗಿಯುತ್ತಾರೆ. ಥೀಸಿಸ್‌ಗೆ ಎಡಗಡೆ ಒಂದೂವರೆ ಇಂಚು ಖಾಲಿ ಬಿಟ್ಟಿರುತ್ತಾರೆ, ನಡೆಯುತ್ತದೆ. ಕಾಮಿಕ್ಸ್‌ಗೆ ಆ ಜಾಗ ಎಲ್ಲಿದೆ? ಒಂದೊಂದು ಮಾತಿನ ಗುಳ್ಳೆಯೂ ಅರ್ಧ ಒಳಗೆ ಹೋಯಿತು. ಅಷ್ಟು ಸಾಲದೆಂದು ಅಂಚು ಸರಿ ಮಾಡಲು ಕಟಿಂಗ್ ಮೆಷಿನ್ನಿಗೆ ಹಾಕಿದರು. ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ ತೆಗೆದರೆ ಸಾಕು ಅಂತ ಬರೆದುಕೊಟ್ಟಿದ್ದೆ. ಮೂರು ನೂಲು ತೆಗೆದಿದ್ದರು. ಕೇಳಿದರೆ "ನೀಟಾಗಿ ಬಂದಿದೆಯಲ್ಲ ಸಾರ್" ಎಂದರು. ನೀಟಾಗೇ ಬಂದಿತ್ತು, ಓದಲು ಬರುತ್ತಿರಲಿಲ್ಲ ಅಷ್ಟೆ. ಆ ಸಂಚಿಕೆಗಳನ್ನು ಮತ್ತೆ ಕೊಳ್ಳಬೇಕಾಯಿತು. ಸುಮಾರು ನಾಲ್ಕು ಸಾವಿರ ನೀರಿಗೆ ಹೋಯಿತು. ಅಲ್ಲಿಂದಾಚೆ ಕಟಿಂಗ್ ಮೆಷಿನ್ ಹತ್ತಿರ ಸುಳಿದಿಲ್ಲ. ನನ್ನ ಸಂಪುಟಗಳ ಮುಂದಿನ ಅಂಚು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದೆ, ಇರಲಿ ಬಿಡಿ.

ಬಿಡಿ ಸಂಚಿಕೆಯ ದೊಡ್ಡ ಅನುಕೂಲ ಅದರ ಮಡಿಕೆ. ನಡುವೆ ಎರಡು ಪಿನ್, ಅದನ್ನು ಬಿಚ್ಚಿದರೆ ಹೊಲಿಗೆಗೆ ತಯಾರಾಗಿ ಬಂದ ಹಾಗೇ. ಆದರೆ ಪಿನ್ನಿನ ತೂತಿನಲ್ಲೇ ಸೂಜಿ ಹಾಕಬೇಡಿ. ಪಿನ್ ಜಾಗ ಸಂಚಿಕೆಯಿಂದ ಸಂಚಿಕೆಗೆ ಎರಡು ಮೂರು ಮಿಲಿಮೀಟರ್ ಮೇಲೆ ಕೆಳಗೆ ಇರುತ್ತದೆ. ಅದನ್ನೇ ನಂಬಿ ಹೊಲಿದರೆ ಪುಸ್ತಕದ ತಲೆ ಗರಗಸದ ಹಾಗೆ ಏರಿಳಿಯುತ್ತದೆ. ರಟ್ಟಿನಲ್ಲಿ ವಿ ಆಕಾರದ ತೊಟ್ಟಿಲು ಮಾಡಿಕೊಂಡು, ಎಲ್ಲ ಸಂಚಿಕೆಯ ತಲೆಯನ್ನೂ ಒಂದೇ ಗೋಡೆಗೆ ತಾಗಿಸಿ, ಐದು ಹೊಸ ತೂತು ಚುಚ್ಚಿದೆ. ಪಿನ್ ತೆಗೆಯುವಾಗ ಒಳಗಿನಿಂದ, ಮೊಂಡು ಚಾಕುವಿನಲ್ಲಿ ಕಾಲು ನೆಟ್ಟಗೆ ಮಾಡಿ, ಹೊರಗಿನಿಂದ ಎಳೆಯಬೇಕು, ಇದು ಎಲ್ಲರಿಗೂ ಗೊತ್ತು ಅಲ್ವಾ.

ಜಾಹೀರಾತಿನ ಕಥೆ ಬೇರೆ. ಹಿಂದಿನ ರಕ್ಷಾಪುಟ ಮತ್ತು ಕೊನೆಯ ಜಾಹೀರಾತು ಹಾಳೆ ಬೇಡ ಅಂತ ಕಿತ್ತರೆ ಮುಂದಿನ ರಕ್ಷಾಪುಟ ಮತ್ತು ಮೊದಲ ಪುಟವೂ ಕಳಚಿಕೊಳ್ಳುತ್ತವೆ, ಎರಡೂ ಒಂದೇ ಹಾಳೆಯ ಎರಡು ಮಗ್ಗುಲು. ಹಾಗಾಗಿ ಮಡಿಕೆಯಿಂದ ಒಂದು ಸೆಂಟಿಮೀಟರ್ ಪಟ್ಟಿ ಉಳಿಸಿ ಕತ್ತರಿಸಬೇಕು. ಆ ಪಟ್ಟಿಯೇ ಮುಂದಿನ ಹಾಳೆಯನ್ನು ಹಿಡಿದುಕೊಳ್ಳುತ್ತದೆ. ಪತ್ರಗಳಿರುವ ಹಾಳೆ ಮುಟ್ಟಬೇಡಿ. ಸ್ಟೀಲ್ ಸ್ಕೇಲ್, ಹೊಸ ಬ್ಲೇಡ್, ಕೆಳಗೊಂದು ತಗಡು.

ಈಗ ಎಲ್ಲರೂ ಹೆದರಿಸುತ್ತಿದ್ದ ವಿಷಯ. ಹೊಳಪು ಕಾಗದ ನಿಜವಾಗಿಯೂ ಹರಿಯುತ್ತದೆ. ನೈಲಾನ್ ದಾರ ಹಾಕಿದೆ, ಎಳೆದ ಕೂಡಲೇ ತೂತಿನಿಂದ ತೂತಿಗೆ ಸೀಳಿತು. ಚಪ್ಪಲಿ ಹೊಲಿಯುವ ದಾರ ಗಟ್ಟಿ, ಆದರೆ ದಪ್ಪ. ಹದಿನೆಂಟು ಸಂಚಿಕೆ ಹೊಲಿಯುವಷ್ಟರಲ್ಲಿ ಬೆನ್ನು ಊದಿಕೊಂಡು, ಮುಂದೆ ನಾಲ್ಕು ಸೆಂಟಿಮೀಟರ್ ಇದ್ದದ್ದು ಹಿಂದೆ ಐದು ಆಯಿತು. ರಟ್ಟು ಹಾಕಿದರೆ ಪುಸ್ತಕ ಬಾಯಿ ಮುಚ್ಚಲೇ ಇಲ್ಲ. ಮಾಮೂಲಿ ಹತ್ತಿ ದಾರ ಬಿಗಿದಾಗ ತುಂಡಾಯಿತು. ಕೊನೆಗೆ ಮೂರು ಸಂಗತಿ ಒಟ್ಟಿಗೆ ಕೆಲಸ ಮಾಡಿದವು. ನಾನು ಹೇಳದ ಆ ದಾರಕ್ಕೆ ಜೇನುಮೇಣ ಸವರಿದ್ದು, ಪ್ರತಿ ಸಂಚಿಕೆಯ ನಡು ಹಾಳೆಯ ಮಡಿಕೆಯೊಳಗೆ ಜಪಾನಿ ಟಿಶ್ಯೂ ಎಂಬ ತೆಳ್ಳನೆ ಗಟ್ಟಿ ಕಾಗದದ ಸಣ್ಣ ಪಟ್ಟಿ ಅಂಟಿಸಿ ಅದರ ಮೇಲೆ ತೂತು ಹಾಕಿದ್ದು, ಮತ್ತೆ ಒಂದು ಎಳೆಯಲ್ಲಿ ಎರಡೆರಡು ಸಂಚಿಕೆ ಹೊಲಿದದ್ದು. ಅಂದರೆ ಸೂಜಿ ಒಂದು ತೂತಿನವರೆಗೆ ಈ ಸಂಚಿಕೆಯಲ್ಲಿ ಹೋಗಿ, ಅಲ್ಲಿ ಹೊರಬಂದು, ಮುಂದಿನ ತೂತಿಗೆ ಮೇಲಿನ ಸಂಚಿಕೆ ಸೇರುತ್ತದೆ. ದಾರ ಅರ್ಧಕ್ಕೆ ಇಳಿಯಿತು, ಊತವೂ ಇಳಿಯಿತು. ಟಿಶ್ಯೂ ದುಬಾರಿ, ಹಾಳೆಗೆ ಇನ್ನೂರರ ಆಸುಪಾಸು, ಆದರೆ ಒಂದೇ ಹಾಳೆ ಒಂದು ಸಂಪುಟಕ್ಕೆ ಧಾರಾಳ.

ಒಂದು ಸಂಪುಟ ಎಲ್ಲಿ ಮುಗಿಸಿ ಇನ್ನೊಂದು ಶುರು ಮಾಡಬೇಕು ಅನ್ನುವುದಕ್ಕೇ ಜಾಸ್ತಿ ತಲೆ ಕೆಡಿಸಿಕೊಂಡೆ. ಕಾಂಪೆಂಡಿಯಂನವರು ಎರಡನೆಯದನ್ನು 48ರಿಂದ 96 ಅಂತ ಎಣಿಸಿ ಕಟ್ಟಿದ್ದಾರೆ. ನಾನು ಕಥೆ ನೋಡಿ ಕಟ್ಟಿದೆ. 60ರಲ್ಲಿ ಬೇರೆ ಬೇರೆ ಲೋಕದ ಇನ್ವಿನ್ಸಿಬಲ್‌ಗಳೆಲ್ಲ ಭೂಮಿಗೆ ನುಗ್ಗುತ್ತಾರೆ, ಆ ಬೂದಿ ಆರುವ ಮೊದಲೇ 61ರಲ್ಲಿ ಕಾಂಕ್ವೆಸ್ಟ್ ಎಂಬ ಖಳ ಬಂದಿಳಿಯುತ್ತಾನೆ. ಇವೆರಡರ ನಡುವೆ ಪುಸ್ತಕ ಮುಚ್ಚಿ ಇನ್ನೊಂದು ತೆಗೆಯುವುದು ಅಂದರೆ ಪಾಪ. ಆದ್ದರಿಂದ 48ರಿಂದ 65 ಒಂದು. ಓಮ್ನಿ-ಮ್ಯಾನ್‌ನ ಜನಾಂಗದವರ ಜೊತೆಗಿನ ವಿಲ್ಟ್ರುಮೈಟ್ ಯುದ್ಧ 71ರಿಂದ 78, ಅದಕ್ಕೆ ಮುಂಚಿನ ಕೆಲವು ಸೇರಿಸಿ ಇನ್ನೊಂದು, ಅದು ಸ್ವಲ್ಪ ತೆಳ್ಳಗಾಯಿತು. ಕೊನೆಯ ಹನ್ನೆರಡು ಭಾಗದ ಕಥೆ 133ರಿಂದ ಶುರು, ಅದು ಒಡೆಯದ ಹಾಗೆ 127ರಿಂದ 144 ಒಂದು ಗಂಟು. ಹೀಗೆ ಬಿಡಿ ಸಂಚಿಕೆಯದ್ದು ಆರು.

ಕಾಂಪೆಂಡಿಯಂ ಒಡೆದು ಮಾಡಿದ ಮೊದಲ ಮೂರು ಸಂಪುಟ ಬೇರೆಯದೇ ಗೋಳು. ನನ್ನ ಪ್ರತಿಯಲ್ಲಿ ಬೆನ್ನನ್ನು ಕೆರೆದು ಅಂಟು ಹಾಕಿದ್ದರು, ಮಡಿಕೆಯೇ ಉಳಿದಿರಲಿಲ್ಲ. ಇಸ್ತ್ರಿಪೆಟ್ಟಿಗೆ ಬಿಸಿಯಲ್ಲಿ ಹಳೆ ಅಂಟು ಮೆತ್ತಗೆ ಮಾಡಿ ಬಿಡಿಸಿದರೆ ಕೈಗೆ ಬಂದದ್ದು ಐನೂರು ಬಿಡಿ ಹಾಳೆ. ಹಾಳೆಗಳನ್ನು ಒಂದು ಕಡೆಗೆ ಬಗ್ಗಿಸಿ ಅಂಟು, ಇನ್ನೊಂದು ಕಡೆಗೆ ಬಗ್ಗಿಸಿ ಅಂಟು, ಇದು ಮಾಮೂಲಿ ಕಾಗದಕ್ಕೆ ಬಹಳ ಚೆನ್ನಾಗಿ ಆಗುತ್ತದೆ. ಹೊಳಪು ಕಾಗದಕ್ಕೆ ಅಂಟು ಇಳಿಯುವುದೇ ಇಲ್ಲ. ವಾರದೊಳಗೆ ನಡುವಿನ ಹಾಳೆಗಳು ಉದುರತೊಡಗಿದವು. ಆಮೇಲೆ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನಲ್ಲಿ ಬೆನ್ನಿಗೆ ಅಡ್ಡಡ್ಡ ಗೀರು ಕೊಯ್ದೆ, ಎರಡು ಮಿಲಿಮೀಟರ್ ಆಳ, ಸ್ವಲ್ಪ ಓರೆಯಾಗಿ, ಒಂದಕ್ಕೊಂದು ಎದುರು ದಿಕ್ಕಿಗೆ. ಅದರೊಳಗೆ ದಾರ ಕೂರಿಸಿ, ಅಂಟು ಕುಡಿಸಿ, ಪುಸ್ತಕ ಅದುಮುವ ಪ್ರೆಸ್ಸಿನಲ್ಲಿ ಒಂದು ರಾತ್ರಿ. ನಿಂತಿತು. ಎರಡು ಮಳೆಗಾಲ ಕಳೆದಿದೆ, ಹೊರಗೆ ಬಂದದ್ದು ಒಂದೋ ಎರಡೋ ಹಾಳೆ. ಹೊಲಿದ ಆರರಷ್ಟು ಚಪ್ಪಟೆಯಾಗಿ ತೆರೆದುಕೊಳ್ಳುವುದಿಲ್ಲ, ಆದರೆ ಮೊದಲಿದ್ದ ಸಾವಿರ ಪುಟದ ಇಟ್ಟಿಗೆಗಿಂತ ಎಷ್ಟೋ ವಾಸಿ.

ಅಂಟಿನ ವಿಷಯಕ್ಕೆ ಬಂದರೆ, ಬರೀ ಫೆವಿಕಾಲ್ ಬಗ್ಗದಷ್ಟು ಗಟ್ಟಿಯಾಗಿ ಕೂರುತ್ತದೆ, ಬರೀ ಮೈದಾ ಅಂಟು ಒಣಗಲು ತಡ. ನಾನು ಎರಡನ್ನೂ ಬೆರೆಸುತ್ತೇನೆ. ಎಷ್ಟಕ್ಕೆಷ್ಟು ಅಂತ ನೀವೇ ಮಾಡಿ ನೋಡಿಕೊಳ್ಳಿ, ನಾನೂ ಹಾಗೇ ಕಲಿತದ್ದು. ಹಳಬರು ಮೈದಾ ಅಂಟಿಗೆ ಹುಳ, ಜಿರಲೆ ಬರಬಾರದು ಅಂತ ಮೈಲುತುತ್ತ ಹಾಕುತ್ತಿದ್ದರು. ಹಾಕಿ ನೋಡಿದೆ, ಜಿರಲೆ ಬರಲಿಲ್ಲ, ಆದರೆ ಒಳಗಿನ ಬಿಳಿ ಕಾಗದಕ್ಕೆ ಹಸಿರು ಬಣ್ಣ ಇಳಿಯಿತು. ಬಿಟ್ಟೆ.

ನಡುವೆ ಇಂದ್ರಜಾಲ ಕಾಮಿಕ್ಸ್‌ಗೂ ಕೈ ಹಾಕಿದ್ದೆ. ಮನೆಯಲ್ಲಿ ಫ್ಯಾಂಟಮ್‌ನ ಕನ್ನಡ ಇಂದ್ರಜಾಲಗಳ ಒಂದು ಕಟ್ಟು ಇದೆ, ದೊಡ್ಡಪ್ಪನ ಆಸ್ತಿ. 1964ರಿಂದ 1990ರವರೆಗೆ ನಡೆದ ಸರಣಿ ಅದು. ಮುಖವಾಡ, ಮೈಗಂಟಿದ ಉಡುಪು, ಗುಟ್ಟಿನ ಗುಹೆ, ಎಲ್ಲ ಸೂಪರ್ ಹೀರೋಗಳಿಗೂ ಮುಂಚೆಯೇ ಇದ್ದವನು ಫ್ಯಾಂಟಮ್ ಅಂತ ನನ್ನ ವಾದ, 1936ರಲ್ಲಿ ಹುಟ್ಟಿದವನು ಸ್ವಾಮಿ. ಆದರೆ ಪಿನ್ ತುಕ್ಕು ಹಿಡಿದು ಸುತ್ತ ಕಾಗದವನ್ನೇ ತಿಂದುಹಾಕಿತ್ತು, ನ್ಯೂಸ್‌ಪ್ರಿಂಟು ಹಪ್ಪಳವಾಗಿತ್ತು. ಸೂಜಿ ಇಟ್ಟಲ್ಲಿ ಚೂರು ಉದುರಿತು. ಅವಕ್ಕೆ ಬೈಂಡಿಂಗ್ ಬೇಡ. ತುಕ್ಕು ಪಿನ್ ತೆಗೆದು, ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಡಬ್ಬಿಗೆ ಹಾಕಿದ್ದೇನೆ.

ರಟ್ಟಿಗೂ ನಾರಿನ ದಿಕ್ಕಿದೆ, ಅದು ಬೆನ್ನಿನ ಉದ್ದಕ್ಕೇ ಇರಬೇಕು. ಅಂಗಡಿಯವರು ಉಳಿದ ತುಂಡು ಅಡ್ಡ ಕೊಯ್ದು ಕೊಟ್ಟ ರಟ್ಟು ಜುಲೈನಲ್ಲಿ ದೋಣಿಯಾಯಿತು. ಈಗ ಪೂರ್ತಿ ಶೀಟ್ ತಂದು ಮನೆಯಲ್ಲೇ ಕೊಯ್ಯುತ್ತೇನೆ. ಹಳೆ ಕಬ್ಬಿಣದ ಪ್ರೆಸ್ಸು ಸೆಕೆಂಡ್ ಹ್ಯಾಂಡ್, ನಾಲ್ಕೂವರೆ ಸಾವಿರ ಕೊಟ್ಟ ನೆನಪು. ಅದು ಬಿಟ್ಟರೆ ಸಂಪುಟಕ್ಕೆ ಮುನ್ನೂರೈವತ್ತು ನಾನೂರರೊಳಗೆ ಮುಗಿಯುತ್ತದೆ. ಸಂಚಿಕೆ, ಪ್ರೆಸ್ಸು, ಹಾಳಾದದ್ದು ಎಲ್ಲ ಸೇರಿಸಿದರೂ ಒಟ್ಟು ಮೂವತ್ತೈದು ಸಾವಿರ ದಾಟಿಲ್ಲ. ಹನ್ನೆರಡು ಅಲ್ಟಿಮೇಟ್ ಕಲೆಕ್ಷನ್ನಿಗೂ ಹೆಚ್ಚುಕಮ್ಮಿ ಅಷ್ಟೇ ಆಗುತ್ತಿತ್ತಲ್ಲ ಅಂತ ಹೆಂಡತಿ ಹೇಳುತ್ತಾಳೆ. ಅದರಲ್ಲಿ ಪತ್ರಗಳಿಲ್ಲ ಅಂತ ನಾನು ಹೇಳುತ್ತೇನೆ.

ಬೆನ್ನಿನ ಮೇಲೆ ಕನ್ನಡದಲ್ಲೇ ಹೆಸರು ಬೇಕಿತ್ತು. ಥೀಸಿಸ್ ಅಂಗಡಿಗಳಲ್ಲಿ ನನಗೆ ಸಿಕ್ಕಿದ್ದು ಬರೀ ಇಂಗ್ಲಿಷ್ ಅಚ್ಚು. ಕನ್ನಡದಲ್ಲಿ ಚಿನ್ನದ ಫಾಯಿಲ್ ದಿನಾ ಹೊಡೆಯುವವರು ಯಾರು? ಲಗ್ನಪತ್ರಿಕೆಯವರು. ಬ್ಲಾಕ್ ಮಾಡಿಸಿಕೊಂಡು ಹೋದೆ, ಏಳುನೂರಾಯಿತು. "ಇನ್ವಿನ್ಸಿಬಲ್, ಇದು ಹುಡುಗನ ಹೆಸರಾ ಸಾರ್?" ಎಂದರು. ಸೀಸನ್ನಿನಲ್ಲಿ ಹೋದರೆ ಮುಟ್ಟುವುದಿಲ್ಲ, ಆಷಾಢದಲ್ಲಿ ಬನ್ನಿ ಎಂದರು. ಆಷಾಢದಲ್ಲಿ ಹೋದೆ, ಕೆಲಸವಿಲ್ಲದೆ ಕೂತಿದ್ದರು, ಒಂಬತ್ತು ರೆಕ್ಸಿನ್ ತುಂಡಿಗೂ ಹೆಸರು ಮತ್ತು ಕನ್ನಡ ಅಂಕಿ ಹೊಡೆದು ಬರೀ ಇನ್ನೂರು ತಗೊಂಡರು. ರಟ್ಟಿಗೆ ಅಂಟಿಸುವ ಮೊದಲೇ ಫಾಯಿಲ್ ಹೊಡೆಸಬೇಕು, ಆಮೇಲೆ ಅವರ ಮೆಷಿನ್ನಿಗೆ ಪುಸ್ತಕ ಹಿಡಿಸುವುದಿಲ್ಲ.

ಮಾರ್ವೆಲ್, ಡಿಸಿ ಸಂಚಿಕೆಗಳಿಗೆ ಇದನ್ನೇ ಮಾಡಬಹುದಾ ಅಂತ ಕೇಳುವವರಿಗೆ: ಮಾಡಬಹುದು, ಆದರೆ ಅವುಗಳಲ್ಲಿ ಜಾಹೀರಾತು ಕಥೆಯ ನಡುನಡುವೆ ಇರುತ್ತದೆ. ಎಡ ಮಗ್ಗುಲು, ಬಲ ಮಗ್ಗುಲು ಎರಡೂ ಜಾಹೀರಾತಾಗಿರುವ ಹಾಳೆ ಸಿಕ್ಕರೆ ಪೂರ್ತಿ ತೆಗೆಯಿರಿ. ಒಂದು ಮಗ್ಗುಲ ಹಿಂದೆ ಮುಂದೆ ಎರಡೂ ಜಾಹೀರಾತಾದರೆ ಪಟ್ಟಿ ಬಿಟ್ಟು ಕತ್ತರಿಸಿ. ಜಾಹೀರಾತಿನ ಬೆನ್ನಿಗೇ ಕಥೆ ಇದ್ದರೆ ಏನೂ ಮಾಡಲಾಗದು, ಬಿಡಿ. ತೊಂಬತ್ತರ ದಶಕದ ಒಂದು ಸರಣಿಯ ಮೇಲೆ ಪ್ರಯೋಗ ಮಾಡಿದೆ, ಸಂಚಿಕೆಗೆ ಎರಡು ಮೂರು ಹಾಳೆಗಿಂತ ಜಾಸ್ತಿ ತೆಗೆಯಲು ಆಗಲಿಲ್ಲ, ಪಟ್ಟಿಗಳು ಸೇರಿ ಬೆನ್ನು ಮತ್ತೆ ಊದಿತು. ಅಂಥದ್ದಕ್ಕೆ ಸಂಪುಟಕ್ಕೆ ಹನ್ನೆರಡೇ ಸಂಚಿಕೆ ಇಟ್ಟುಕೊಳ್ಳಿ.