ಸ್ಕಾಲರ್‌ಶಿಪ್ ಹಣದಲ್ಲಿ ನಾನು ಎಂಎಸ್ಸಿ ಮುಗಿಸಿದ್ದು ಹೀಗೆ

ನಮ್ಮದು ಅರಸೀಕೆರೆ ಕಡೆ. ಸ್ವಲ್ಪ ಹೊಲ, ಒಂದಿಷ್ಟು ತೆಂಗು. 2020ರಲ್ಲಿ ಹಾಸನದಲ್ಲಿ ಬಿಎಸ್ಸಿಗೆ ಸೇರಿದೆ. ಆಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೆಮಿಸ್ಟ್ರಿ ಎಂಎಸ್ಸಿ. ಊರಿನ ಮಕ್ಕಳು ಈಗಲೂ ಕೇಳುತ್ತಾರೆ, "ಅಕ್ಕ, ಯಾವ ಸ್ಕಾಲರ್‌ಶಿಪ್ ಹಾಕಿದ್ರಿ?" ಅಂತ. ಒಂದೇ ದೊಡ್ಡ ಸ್ಕಾಲರ್‌ಶಿಪ್ ನನಗೆ ಸಿಗಲಿಲ್ಲ. ಸಣ್ಣ ಸಣ್ಣ ಮೊತ್ತಗಳನ್ನು ಕೂಡಿಸಿಕೊಂಡೆ. ಅರ್ಜಿ ಕರೆಯುವ ಮೊದಲೇ ಕಾಗದಪತ್ರ ಸರಿಮಾಡಿ ಇಟ್ಟುಕೊಂಡಿದ್ದೇ ನನ್ನ ಕೈಹಿಡಿಯಿತು.

ಮೊದಲು ಹೆಸರು. ಆಧಾರ್‌ನಲ್ಲಿ ನನ್ನ ಇನಿಷಿಯಲ್ ಮುಂದೆ ಇತ್ತು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಿಂದೆ ಇತ್ತು. ಅಂಕಪಟ್ಟಿ ತಿದ್ದಿಸುವುದು ದೊಡ್ಡ ತಲೆನೋವು. ಆದ್ದರಿಂದ ಆಧಾರನ್ನೇ ಅದಕ್ಕೆ ಹೊಂದಿಸಿದೆ. ಆಮೇಲೆ ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿದೆ. ಅವುಗಳ ಮೇಲೆ RD ಅಂತ ಶುರುವಾಗುವ ಒಂದು ನಂಬರ್ ಇರುತ್ತದೆ, ಆ ಆರ್‌ಡಿ ನಂಬರನ್ನೇ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕಬೇಕು. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿ ಹೊತ್ತಿಗೆ ಮುಗಿದಿರಬಹುದು, ದಿನಾಂಕ ನೋಡಿಕೊಳ್ಳಿ.

ಇನ್ನು ಬ್ಯಾಂಕ್. ಅರ್ಜಿ ಮಂಜೂರಾಗಿಯೂ ಹಣ ಬರಲಿಲ್ಲ ಅನ್ನುವವರಲ್ಲಿ ಜಾಸ್ತಿ ಜನರ ತೊಂದರೆ ಇಲ್ಲೇ ಇರುತ್ತದೆ. ಪಾಸ್‌ಬುಕ್ ಇದ್ದರೆ ಸಾಲದು. ಆಧಾರ್ ಯಾವ ಖಾತೆಗೆ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಸಂಸ್ಥೆ) ಮೂಲಕ ಜೋಡಣೆ ಆಗಿದೆಯೋ ಅಲ್ಲಿಗೇ ಹಣ ಹೋಗುತ್ತದೆ. ಅದು ಬಳಕೆ ಇಲ್ಲದೆ ನಿಂತುಹೋದ ಹಳೇ ಖಾತೆಯಾಗಿದ್ದರೆ ಹಣ ಬರುವುದಿಲ್ಲ, ಅಲ್ವಾ? ಆಧಾರ್ ವೆಬ್‌ಸೈಟಿನಲ್ಲೇ ಯಾವ ಬ್ಯಾಂಕ್ ಅಂತ ತೋರಿಸುತ್ತದೆ. ನಾನು ಪ್ರತಿ ವರ್ಷ ಅರ್ಜಿ ಹಾಕುವ ಮುಂಚೆ ನೋಡುತ್ತಿದ್ದೆ.

ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೆ, ಸೀಟು ಸಿಗಲಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಇದೆ. ನನಗೆ ಆಗ ತಿಂಗಳಿಗೆ 1,500ರಂತೆ 10 ತಿಂಗಳಿಗೆ 15,000 ರೂಪಾಯಿ ಸಿಗುತ್ತಿತ್ತು. ನನ್ನ ಊಟ, ರೂಮು ಬಾಡಿಗೆಗೆ ಅದೇ ಆಸರೆ. ಪಿಯುಸಿಯಲ್ಲಿ ಒಳ್ಳೇ ಅಂಕ ಇದ್ದದ್ದರಿಂದ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎನ್‌ಎಸ್‌ಪಿ ಪೋರ್ಟಲ್‌ನ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್‌ಗೂ ಹಾಕಬಹುದಿತ್ತು. ಡಿಗ್ರಿಗೆ ಆಗ ವರ್ಷಕ್ಕೆ 10,000 ಇತ್ತು, ಈಗ 12,000. ಆದರೆ ಅದನ್ನು ತಗೊಂಡರೆ ಬೇರೆ ಸ್ಕಾಲರ್‌ಶಿಪ್ ತಗೊಳ್ಳುವಂತಿಲ್ಲ. ಲೆಕ್ಕ ಹಾಕಿ ನೋಡಿ ವಿದ್ಯಾಸಿರಿಯನ್ನೇ ಆರಿಸಿಕೊಂಡೆ. ಯಾರೋ ಹೇಳಿದರು ಅಂತ ಸುಮ್ನೆ ಎಲ್ಲದಕ್ಕೂ ಅರ್ಜಿ ಒತ್ತಬೇಡಿ. ಯಾವುದರ ಜೊತೆ ಯಾವುದು ನಡೆಯುತ್ತದೆ ಅಂತ ಓದಿ.

2021ರಲ್ಲಿ ರೈತರ ಮಕ್ಕಳಿಗೆ ಅಂತ ರಾಜ್ಯ ಸರ್ಕಾರದ ರೈತ ವಿದ್ಯಾನಿಧಿ ಬಂತು. ಆಗ ಡಿಗ್ರಿಯಲ್ಲಿ ಹುಡುಗಿಯರಿಗೆ ವರ್ಷಕ್ಕೆ 5,500, ಎಂಎಸ್ಸಿಗೆ 11,000 ಇತ್ತು. ಇದು ಬೇರೆ ಸ್ಕಾಲರ್‌ಶಿಪ್ ಇದ್ದರೂ ಸಿಗುತ್ತಿತ್ತು. ಆದರೆ ಅಪ್ಪ ಅಥವಾ ಅಮ್ಮನಿಗೆ ಫ್ರೂಟ್ಸ್ ಐಡಿ, ಅಂದರೆ ಜಮೀನಿನ ದಾಖಲೆ ಮೇಲೆ ಕೊಡುವ ರೈತರ ನೋಂದಣಿ ಸಂಖ್ಯೆ, ಇರಬೇಕಿತ್ತು. ನಮ್ಮ ಪಹಣಿ ಅಪ್ಪನ ಹೆಸರಿಗೇ ಇತ್ತು, ಸಲೀಸಾಯಿತು. ಪಕ್ಕದ ಮನೆಯವರ ಜಮೀನು ತೀರಿಹೋದ ತಾತನ ಹೆಸರಿನಲ್ಲೇ ಉಳಿದಿತ್ತು. ಅಷ್ಟು ಚೆನ್ನಾಗಿ ಓದುವ ಆ ಮನೆಯ ಹುಡುಗಿಗೆ ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಆಗದ ಒಂದೇ ಕಾರಣಕ್ಕೆ ಹಣ ತಪ್ಪಿತು. ನನಗೆ ಇವತ್ತಿಗೂ ಅದು ಸಂಕಟ. ಮಕ್ಕಳು ಪಿಯುಸಿಗೆ ಬರುವಷ್ಟರಲ್ಲಿ ಪೌತಿ ಖಾತೆ ಮಾಡಿಸಿಬಿಡಿ ಅಂತ ಮನೆಯ ಹಿರಿಯರಿಗೆ ಹೇಳಿ.

ಸರ್ಕಾರದ ಹಣ ತಡವಾಗಿ ಬರುತ್ತದೆ. ಫೀಸು ಮಾತ್ರ ಮೊದಲೇ ಕಟ್ಟಬೇಕು. ಆ ಅಂತರವನ್ನು ಅಮ್ಮ ಸ್ವಸಹಾಯ ಸಂಘದ ಸಾಲದಿಂದ ತುಂಬಿದರು. ಸ್ಕಾಲರ್‌ಶಿಪ್ ಬಂದ ಮೇಲೆ ತೀರಿಸಿದೆವು.

ಎಂಎಸ್ಸಿಯಲ್ಲಿ ಒಂದು ಟ್ರಸ್ಟ್‌ನಿಂದಲೂ ಸಹಾಯ ಸಿಕ್ಕಿತು. ಆ ಪತ್ರದಲ್ಲಿ ಕಷ್ಟ ಹೇಳಿಕೊಂಡಿದ್ದು ಕಡಿಮೆ. ಫೀಸು ಎಷ್ಟು, ಬಂದಿರುವುದು ಎಷ್ಟು, ಕೊರತೆ ಎಷ್ಟು ಅಂತ ಬರೆದೆ. ನಮ್ಮ ಲೆಕ್ಚರರ್ ಒಬ್ಬರ ಶಿಫಾರಸು ಪತ್ರ ಲಗತ್ತಿಸಿದೆ. ಸೆಮಿಸ್ಟರ್ ಮುಗಿದ ಕೂಡಲೇ, ಅವರು ಕೇಳುವ ಮುಂಚೆಯೇ ಅಂಕಪಟ್ಟಿ ಕಳಿಸಿದೆ. ಮುಂದಿನ ವರ್ಷ ಅವರೇ ಫೋನ್ ಮಾಡಿ ಅರ್ಜಿ ಕಳಿಸಲು ಹೇಳಿದರು.

ಈಗ ಸೇರುವ ಹುಡುಗಿಯರಿಗೆ ನನಗಿಲ್ಲದ ಒಂದು ಅವಕಾಶ ಇದೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದವರಿಗೆ 2025ರಲ್ಲಿ ಶುರುವಾದ ದೀಪಿಕಾ ವಿದ್ಯಾರ್ಥಿವೇತನ, ವರ್ಷಕ್ಕೆ 30,000. ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೊಡುತ್ತದೆ. ಡಿಗ್ರಿ ಅಥವಾ ಡಿಪ್ಲೊಮಾದ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ಆಮೇಲೆ ನೋಡೋಣ ಅನ್ನಬೇಡಿ.