ಸಾಕೆಟ್ ಕಲಿಯುವವರಿಗೆ: ಸಂದೇಶದ ಉದ್ದವನ್ನು ಮೊದಲು ಕಳುಹಿಸಿ

ಕ್ಲೈಂಟ್-ಸರ್ವರ್ ಪ್ರೋಗ್ರಾಮಿಂಗ್ ಕಲಿಯುವವರು ಫ್ರೇಮ್‌ವರ್ಕ್‌ಗೆ ಕೈಹಾಕುವ ಮೊದಲು ಪೈಥಾನ್‌ನ ಸಾಕೆಟ್ (ನೆಟ್‌ವರ್ಕ್ ಮೂಲಕ ಎರಡು ಪ್ರೋಗ್ರಾಂಗಳನ್ನು ಜೋಡಿಸುವ ಸಂಪರ್ಕದ ತುದಿ) ಮಾಡ್ಯೂಲ್ ಬಳಸಿ ಒಂದು ಪುಟ್ಟ ಚಾಟ್ ಸರ್ವರ್ ಬರೆಯುವುದು ಒಳಿತು. ಇಂಥ ಸಂಪರ್ಕದಲ್ಲಿ ದತ್ತಾಂಶ ಸಾಗಿಸುವ ನಿಯಮಾವಳಿಯಾದ ಟಿಸಿಪಿ ಒದಗಿಸುವುದು ಬೈಟ್‌ಗಳ ಹರಿವನ್ನೇ ಹೊರತು ಸಂದೇಶಗಳನ್ನಲ್ಲ. ಹೀಗಾಗಿ ಎರಡು ಸಂದೇಶಗಳು ಒಟ್ಟಿಗೆ ಬಂದುಬಿಡಬಹುದು, ಇಲ್ಲವೇ ಒಂದೇ ಸಂದೇಶ ತುಂಡುತುಂಡಾಗಿ ಬರಬಹುದು. ಆದ್ದರಿಂದ ಪ್ರತಿ ಸಂದೇಶದ ಮುಂದೆ ಅದರ ಉದ್ದವನ್ನು 4 ಬೈಟ್‌ಗಳಲ್ಲಿ, ಬಿಗ್-ಎಂಡಿಯನ್ (ಹೆಚ್ಚು ಬೆಲೆಯ ಬೈಟ್ ಮೊದಲು) ಕ್ರಮದಲ್ಲಿ ಸೇರಿಸಿ, ಅಷ್ಟೂ ಬೈಟ್‌ಗಳು ಕೈಸೇರುವವರೆಗೆ ಲೂಪ್‌ನಲ್ಲಿ ಓದಬೇಕು. ನಡುವೆ ಓದಿದಾಗ ಖಾಲಿ ಬೈಟ್ಸ್ (ಒಂದೂ ಬೈಟ್ ಇಲ್ಲದ ಫಲಿತಾಂಶ) ಸಿಕ್ಕರೆ ಎದುರಿನವರು ಸಂಪರ್ಕ ಮುಚ್ಚಿದ್ದಾರೆಂದು ತಿಳಿದು ಹೊರಬರಬೇಕು. ಕನ್ನಡ ಪಠ್ಯ ಕಳುಹಿಸುವಾಗ ಇನ್ನೂ ಎಚ್ಚರ ಅಗತ್ಯ: ‘ನಮಸ್ಕಾರ’ ಎಂಬುದಕ್ಕೆ ಪೈಥಾನ್‌ನ ಉದ್ದ ಎಣಿಸುವ ಲೆನ್ (len) 7 ಎಂದರೂ, ಪಠ್ಯವನ್ನು ಬೈಟ್‌ಗಳಾಗಿ ಬದಲಿಸುವ (ಎನ್‌ಕೋಡ್ ಮಾಡುವ) ಯುಟಿಎಫ್-8 ವಿಧಾನದಲ್ಲಿ ಅದು 21 ಬೈಟ್, ಹಾಗಾಗಿ ಎನ್‌ಕೋಡ್ ಮಾಡಿದ ಮೇಲೆಯೇ ಉದ್ದ ಎಣಿಸಬೇಕು. ಒಂದೇ ಗಣಕದೊಳಗಿನ 127.0.0.1 ವಿಳಾಸದಲ್ಲಿ ಇಂಥ ದೋಷಗಳು ಸಾಮಾನ್ಯವಾಗಿ ಕಾಣಿಸವು. ಬೇಕೆಂದೇ 2 ಬೈಟ್‌ನಂತೆ ಓದಿ ಪರೀಕ್ಷಿಸಿದರೆ ತಕ್ಷಣ ಹೊರಬೀಳುತ್ತವೆ.